ಕೊಡುವ ಮೊದಲು ಬಾಕಿ ತೀರಿಸಿ: ನ್ಯಾಯ ಮತ್ತು ಕನಿಕರದ ಕೆಲಸಕ್ಕೆ ಇಳಿಯುವ ವಿಶ್ವಾಸಿಗಳಿಗೆ ಒಂದು ಕೈಪಿಡಿ

ಬಡವರಿಗಾಗಿ ಏನಾದರೂ ಮಾಡಬೇಕೆಂದು ಒಂದು ಕ್ರೈಸ್ತ ಸಭೆ ತೀರ್ಮಾನಿಸಿದಾಗ ಸಾಮಾನ್ಯವಾಗಿ ಮೊದಲು ಕಾಣಿಕೆ ಎತ್ತಲಾಗುತ್ತದೆ. ಬಳಿಕ ಏನನ್ನು ಹಂಚಬೇಕು, ಯಾರಿಗೆ, ಯಾವ ದಿನ ಎಂಬ ಚರ್ಚೆ ನಡೆಯುತ್ತದೆ. ಹಂಚಿಕೆಯಾದ ಮೇಲೆ ಸ್ತೋತ್ರಪ್ರಾರ್ಥನೆಯೊಂದಿಗೆ ವಿಷಯವೂ ಮುಗಿದುಹೋಗುತ್ತದೆ. ಇದರಲ್ಲಿ ಪ್ರೀತಿ ಇಲ್ಲವೆಂದು ಹೇಳಲಾಗದು, ಆದರೆ ಕ್ರಮ ತಲೆಕೆಳಗಾಗಿದೆ. ಸತ್ಯವೇದವನ್ನು ಧರ್ಮಶಾಸ್ತ್ರದಿಂದ ಅಪೊಸ್ತಲರ ಪತ್ರಿಕೆಗಳವರೆಗೆ ಓದುತ್ತ ಹೋದರೆ ಬೇರೆಯದೇ ಕ್ರಮ ಕಾಣುತ್ತದೆ: ಮೊದಲು ನಮ್ಮ ಕೈಯಲ್ಲಿ ಉಳಿದುಕೊಂಡಿರುವ ಇನ್ನೊಬ್ಬರ ಬಾಕಿಯನ್ನು ತೀರಿಸುವುದು, ನಂತರ ಕಷ್ಟದಲ್ಲಿರುವವರ ಮಾತನ್ನು ಕೇಳುವುದು, ಆಮೇಲೆ ಕೊಡುವುದು, ಕೊಡುತ್ತಲೇ ಆ ಕಷ್ಟ ಎಲ್ಲಿಂದ ಬಂತೆಂದು ವಿಚಾರಿಸುವುದು. ಈ ಕೈಪಿಡಿ ಅದೇ ಕ್ರಮದಲ್ಲಿ ಸಾಗುತ್ತದೆ. ಇದರ ಬಹುಪಾಲನ್ನು ಒಬ್ಬ ವಿಶ್ವಾಸಿ ಒಂಟಿಯಾಗಿಯೇ ಮಾಡಬಹುದು. ಕೆಲವಕ್ಕೆ ಮಾತ್ರ ನಾಲ್ಕಾರು ಜನರಾದರೂ ಬೇಕು.

ಎರಡು ಪದಗಳು

ಕೆಲಸಕ್ಕೆ ಕೈಹಾಕುವ ಮೊದಲು ಪದಗಳನ್ನು ಸರಿಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅರ್ಧ ಜಗಳ ಇಲ್ಲಿಯೇ ಹುಟ್ಟುತ್ತದೆ. ಪ್ರವಾದಿಗಳು ಜೋಡಿಯಾಗಿ ಬಳಸುವ ಎರಡು ಹೀಬ್ರೂ ಪದಗಳಿವೆ. ‘ಮಿಷ್ಪಾಟ್’ ಎಂದರೆ ತೀರ್ಪು, ಅಂದರೆ ಪ್ರತಿಯೊಬ್ಬನಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದು. ‘ತ್ಸೆದಾಕಾ’ ಎಂದರೆ ನೀತಿ, ಅಂದರೆ ಸಂಬಂಧಗಳು ಇರಬೇಕಾದ ಹಾಗೆ ಇರುವುದು. ಆಮೋಸನು 5:24ರಲ್ಲಿ ನ್ಯಾಯವು ನೀರಿನಂತೆಯೂ ನೀತಿಯು ಬತ್ತದ ತೊರೆಯಂತೆಯೂ ಹರಿಯಲಿ ಎನ್ನುವಾಗ ಈ ಎರಡನ್ನೇ ಜೊತೆಗಿಡುತ್ತಾನೆ. ನೀತಿ ಎಂಬ ಅರ್ಥದ ಈ ‘ತ್ಸೆದಾಕಾ’ ಮುಂದೆ ಯೆಹೂದ್ಯರ ಬಳಕೆಯಲ್ಲಿ ಬಡವರಿಗೆ ಕೊಡುವ ದಾನಕ್ಕೂ ಹೆಸರಾಯಿತು. ಕನ್ನಡದ ‘ಧರ್ಮ’ ಎಂಬ ಮಾತಿಗೂ ಇದೇ ಗತಿಯಾಗಿದೆ: ಬದುಕಿನ ಸರಿದಾರಿಗೂ ಅದೇ ಪದ, ಬೇಡುವವನ ಕೈಗೆ ಹಾಕುವ ನಾಣ್ಯಕ್ಕೂ ಅದೇ ಪದ.

ಕನಿಕರದ ವಿಷಯದಲ್ಲಿ ಕನ್ನಡಿಗರಿಗೆ ಹೆಚ್ಚು ವಿವರಣೆ ಬೇಕಾಗಿಲ್ಲ. ಸುವಾರ್ತೆಗಳಲ್ಲಿ ಯೇಸು ಜನರ ಗುಂಪನ್ನು ಕಂಡು ಕನಿಕರಪಟ್ಟನೆಂದು ಹೇಳುವ ಕಡೆ ಇರುವ ಗ್ರೀಕ್ ಕ್ರಿಯಾಪದದ ಮೂಲ ‘ಕರುಳು’ ಎಂಬುದೇ. ಕರುಳು ಚುರುಕ್ ಎಂದಿತು ಎಂದು ನಾವು ಹೇಳುವುದು ಆ ಮೂಲಕ್ಕೆ ತೀರ ಹತ್ತಿರವಾದ ಮಾತು. ಹೀಬ್ರೂವಿನಲ್ಲಿ ಕರುಣೆಯ ಪದವು ಗರ್ಭ ಎಂಬ ಪದದೊಡನೆ ಬೇರನ್ನು ಹಂಚಿಕೊಂಡಿದೆ. ಕರುಳು ಚುರುಕ್ಕೆಂದ ಮೇಲೆ ಕೈಕಾಲು ಎದ್ದು ಏನು ಮಾಡಬೇಕೆಂಬುದನ್ನು ತೋರಿಸುವುದು ನ್ಯಾಯ. ಇವೆರಡನ್ನು ಬೇರೆಬೇರೆ ಇಲಾಖೆಗಳಂತೆ ಕಾಣಬಾರದು.

ಧರ್ಮಶಾಸ್ತ್ರವನ್ನು ಪೆನ್ಸಿಲ್ ಹಿಡಿದು ಓದಿ

ಹೆಚ್ಚಿನವರು ಈ ವಿಷಯಕ್ಕೆ ನೇರವಾಗಿ, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಸಾಮ್ಯಕ್ಕೆ ಹೋಗುತ್ತಾರೆ. ನನ್ನ ಸಲಹೆ ಬೇರೆ: ವಿಮೋಚನಕಾಂಡದ 22 ಮತ್ತು 23, ಯಾಜಕಕಾಂಡದ 19 ಮತ್ತು 25, ಧರ್ಮೋಪದೇಶಕಾಂಡದ 15 ಮತ್ತು 24, ಈ ಆರು ಅಧ್ಯಾಯಗಳನ್ನು ಎರಡು ವಾರಗಳಲ್ಲಿ ನಿಧಾನವಾಗಿ ಓದಿ, ಪ್ರತಿ ನಿಯಮದ ಪಕ್ಕದಲ್ಲಿ ‘ಇದು ಯಾರ ಕೈಯನ್ನು ತಡೆಯುತ್ತದೆ?’ ಎಂದು ಬರೆದುಕೊಳ್ಳಿ. ಈ ನಿಯಮಗಳು ಬಡವನಿಗೆ ಉಪದೇಶ ಮಾಡುವುದು ಬಹಳ ಕಡಿಮೆ, ಉಳ್ಳವನ ಕೈಯನ್ನು ತಡೆಯುವುದೇ ಹೆಚ್ಚು ಎಂಬುದು ಆಗ ಕಾಣುತ್ತದೆ.

ಹಕ್ಕಲಿನ ನಿಯಮವನ್ನೇ ನೋಡಿ. ಪೈರನ್ನು ಕೊಯ್ಯುವಾಗ ಹೊಲದ ಅಂಚುಗಳನ್ನು ಪೂರ್ತಿ ಕೊಯ್ಯಬಾರದು, ಬಿದ್ದ ತೆನೆಗಳನ್ನು ಆರಿಸಬಾರದು, ಮರೆತ ಸಿವುಡಿಗೆ ಹಿಂದಿರುಗಬಾರದು. ಅವು ಪರದೇಶಿಗೂ ಅನಾಥನಿಗೂ ವಿಧವೆಗೂ ಸೇರಿದವು. ಇಲ್ಲಿ ಹೊಲದ ಯಜಮಾನನು ಯಾರು ಯೋಗ್ಯರು, ಯಾರು ಅಯೋಗ್ಯರು ಎಂದು ಆರಿಸುವುದಿಲ್ಲ, ಯಾರನ್ನೂ ಸಾಲಿನಲ್ಲಿ ನಿಲ್ಲಿಸುವುದಿಲ್ಲ, ಯಾರಿಂದಲೂ ಕೃತಜ್ಞತೆಯ ಮಾತನ್ನು ನಿರೀಕ್ಷಿಸುವುದಿಲ್ಲ. ಬಡವರು ತಾವಾಗಿಯೇ ಬಂದು, ತಮ್ಮ ಕೈಯಿಂದ ಆರಿಸಿಕೊಂಡು, ತಮ್ಮ ಮನೆಗೆ ಒಯ್ಯುತ್ತಾರೆ. ಬೋವಜನ ಹೊಲಕ್ಕೆ ಬಂದ ಮೋವಾಬಿನ ರೂತಳು ಭಿಕ್ಷುಕಿಯಲ್ಲ. ತನಗೆ ಶಾಸ್ತ್ರವೇ ಕೊಟ್ಟ ಪಾಲನ್ನು ದುಡಿದು ಪಡೆದವಳು. ನಿಮ್ಮ ಸಭೆಯ ಯಾವುದೇ ಸಹಾಯ ಯೋಜನೆಯನ್ನು ಈ ಹೊಲದ ಅಂಚಿಗೆ ತಂದು ನಿಲ್ಲಿಸಿ ಅಳೆದು ನೋಡಬಹುದು.

ಇನ್ನೊಂದು ಸಣ್ಣ ನಿಯಮ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ. ಧರ್ಮೋಪದೇಶಕಾಂಡ 24:10-11ರ ಪ್ರಕಾರ ಸಾಲ ಕೊಟ್ಟವನು ಒತ್ತೆಯನ್ನು ತೆಗೆದುಕೊಳ್ಳಲು ಸಾಲಗಾರನ ಮನೆಯೊಳಗೆ ಹೋಗಬಾರದು. ಹೊರಗೆ ನಿಂತಿರಬೇಕು, ಒಳಗಿನಿಂದ ಅವನೇ ತಂದುಕೊಡಬೇಕು. ಸಾಲ ಉಂಟು, ಒತ್ತೆಯೂ ಉಂಟು, ಆದರೂ ಬಡವನ ಹೊಸ್ತಿಲು ಅವನದೇ. ಹಾಗೆಯೇ ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು, ಬಡವನ ಹೊದಿಕೆಯನ್ನು ಸೂರ್ಯಾಸ್ತಕ್ಕೆ ಮೊದಲು ಹಿಂದಕ್ಕೆ ಕೊಡಬೇಕು. ಮನೆಭೇಟಿಗೆಂದು ಹೋಗಿ ಬಡವರ ಅಡುಗೆಮನೆಯವರೆಗೂ ಇಣುಕುವ ನಮ್ಮ ಸಮಿತಿಗಳು ಈ ವಚನಗಳನ್ನು ಓದಿದ ಲಕ್ಷಣ ಕಾಣುವುದಿಲ್ಲ.

ಓದುವಾಗ ಯಾಜಕಕಾಂಡ 19:15ನ್ನು ಬಿಡಬೇಡಿ. ನ್ಯಾಯತೀರಿಸುವಾಗ ಬಡವನೆಂದು ಪಕ್ಷಪಾತ ಮಾಡಬಾರದು, ದೊಡ್ಡವನೆಂದು ಮುಖದಾಕ್ಷಿಣ್ಯವನ್ನೂ ತೋರಬಾರದು ಎಂದು ಅದು ಎರಡೂ ಕಡೆ ಬೇಲಿ ಹಾಕುತ್ತದೆ. ಕನಿಕರದ ಹೆಸರಿನಲ್ಲಿ ಸತ್ಯವನ್ನು ಬಗ್ಗಿಸುವ ಆಸೆ ಹುಟ್ಟಿದಾಗ ಈ ವಚನ ಬೇಕಾಗುತ್ತದೆ.

ಸ್ವಂತ ಲೆಕ್ಕದ ಪುಸ್ತಕ

ಈಗ ಓದನ್ನು ನಿಲ್ಲಿಸಿ ಒಂದು ಹಾಳೆ ತೆಗೆದುಕೊಳ್ಳಿ. ನಿಮಗಾಗಿ ದುಡಿಯುವ ಪ್ರತಿಯೊಬ್ಬರ ಹೆಸರನ್ನು ಅದರಲ್ಲಿ ಬರೆಯಿರಿ: ಮನೆ ಗುಡಿಸುವವರು, ಮಕ್ಕಳನ್ನೋ ವೃದ್ಧರನ್ನೋ ನೋಡಿಕೊಳ್ಳುವವರು, ವಾಹನ ಓಡಿಸುವವರು, ಅಂಗಡಿಯಲ್ಲೋ ಹೊಲದಲ್ಲೋ ಕೆಲಸ ಮಾಡುವವರು. ಪ್ರತಿ ಹೆಸರಿನ ಮುಂದೆ ಕೂಲಿ ಎಷ್ಟು, ಅದು ಕೊನೆಯದಾಗಿ ಏರಿದ್ದು ಯಾವಾಗ, ಯಾವ ದಿನ ಸಂದಾಯವಾಗುತ್ತದೆ, ಕಾಯಿಲೆ ಬಿದ್ದ ದಿನ ಕಡಿತವಾಗುತ್ತದೆಯೇ, ವಾರದಲ್ಲಿ ಬಿಡುವಿದೆಯೇ ಎಂದು ಬರೆಯಿರಿ. ಕೂಲಿಯಾಳಿನ ಕೂಲಿಯನ್ನು ಸೂರ್ಯಾಸ್ತಕ್ಕೆ ಮೊದಲೇ ಕೊಡಬೇಕು, ಅವನು ಸ್ವದೇಶಿಯಾಗಲಿ ಪರದೇಶಿಯಾಗಲಿ, ಏಕೆಂದರೆ ಅವನ ಮನಸ್ಸೆಲ್ಲ ಅದರ ಮೇಲೆಯೇ ಇರುತ್ತದೆ ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ತಡೆಹಿಡಿದ ಕೂಲಿಯೇ ಕೂಗುತ್ತದೆ, ಆ ಕೂಗು ಕರ್ತನ ಕಿವಿಗೆ ಮುಟ್ಟುತ್ತದೆ. ತಿಂಗಳ ಕೂಲಿಯನ್ನು ಹತ್ತು ದಿನ ತಡಮಾಡಿ ಕೊಟ್ಟು, ಅದೇ ತಿಂಗಳು ಸಭೆಯ ಪರೋಪಕಾರ ನಿಧಿಗೆ ಉದಾರವಾಗಿ ಕೊಡುವವನು ಇನ್ನೊಬ್ಬನ ಹಣದಿಂದ ದಾನ ಮಾಡಿದಂತಾಯಿತು.

ಸಭೆಗೂ ಇದೇ ಲೆಕ್ಕ ಅನ್ವಯಿಸುತ್ತದೆ, ಮತ್ತು ಇಲ್ಲಿಯೇ ಹಿರಿಯರ ಮುಖ ಬಾಡುತ್ತದೆ. ದೇವಾಲಯವನ್ನು ಸ್ವಚ್ಛಮಾಡುವವರು, ಕಾವಲುಗಾರರು, ಸಭೆಯ ಶಾಲೆಯ ಕಿರಿಯ ಶಿಕ್ಷಕರು, ಸಭೆಯ ಆಸ್ಪತ್ರೆಯ ಆಯಾಗಳು ಇವರೆಲ್ಲರಿಗೆ ದೇಶದ ಕಾನೂನು ಹೇಳುವಷ್ಟಾದರೂ ಸಂದಾಯವಾಗುತ್ತಿದೆಯೇ? ‘ಇದು ಸೇವೆ’ ಎಂಬ ಮಾತನ್ನು ಕೂಲಿ ಕಡಿಮೆ ಮಾಡಲು ಬಳಸಲಾಗುತ್ತಿದೆಯೇ? ಸಭಾಪಾಲಕರು ಮತ್ತು ಖಜಾಂಚಿ ಇಬ್ಬರೂ ಕುಳಿತು ಇದನ್ನು ಮೊದಲು ಸರಿಪಡಿಸುವ ತನಕ ಹೊರಗಿನ ಯಾವ ಯೋಜನೆಯನ್ನೂ ಆರಂಭಿಸಬಾರದೆಂದು ನಾನು ಹೇಳುತ್ತೇನೆ. ಇದು ಕಠಿಣವೆನಿಸಿದರೆ ಸುಂಕದವನಾದ ಜಕ್ಕಾಯನನ್ನು ನೆನೆಯಿರಿ. ಅವನು ಅರ್ಧ ಆಸ್ತಿಯನ್ನು ಬಡವರಿಗೆ ಕೊಡುತ್ತೇನೆಂದು ಹೇಳಿ ಸುಮ್ಮನಾಗಲಿಲ್ಲ. ಅನ್ಯಾಯವಾಗಿ ಕಸಿದುಕೊಂಡಿದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದೂ ಹೇಳಿದನು. ಮೊದಲನೆಯದು ದಾನ, ಎರಡನೆಯದು ಬಾಕಿ. ಅವನ ಮನೆಗೆ ರಕ್ಷಣೆ ಬಂತೆಂದು ಯೇಸು ಹೇಳಿದ್ದು ಈ ಎರಡೂ ಮಾತುಗಳು ಮುಗಿದ ಮೇಲೆ.

ಬರಿಗೈಯಲ್ಲಿ ಹೋಗಿ ಕೇಳಿಸಿಕೊಳ್ಳಿ

ಯೆರಿಕೋವಿನ ದಾರಿಬದಿಯಲ್ಲಿ ಕುಳಿತಿದ್ದ ಕುರುಡ ಬಾರ್ತಿಮಾಯನಿಗೆ ಬೇಕಾದದ್ದು ಏನೆಂಬುದು ಸುತ್ತ ನಿಂತ ಎಲ್ಲರಿಗೂ ತಿಳಿದಿತ್ತು. ಆದರೂ ಯೇಸು, ನಾನು ನಿನಗೆ ಏನು ಮಾಡಬೇಕೆಂದು ಕೋರುತ್ತೀ ಎಂದು ಅವನನ್ನೇ ಕೇಳಿದನು. ಆದುದರಿಂದ ಮೊದಲ ಎರಡು ಭೇಟಿಗಳಿಗೆ ಏನನ್ನೂ ಒಯ್ಯಬೇಡಿ, ಕ್ಯಾಮೆರಾವನ್ನಂತೂ ಒಯ್ಯಲೇಬೇಡಿ. ಕೈಯಲ್ಲಿ ಚೀಲವಿದ್ದರೆ ಜನರು ಚೀಲಕ್ಕೆ ತಕ್ಕ ಮಾತನ್ನಾಡುತ್ತಾರೆ, ಅದು ಅವರ ತಪ್ಪೂ ಅಲ್ಲ. ಇಬ್ಬರಿಗಿಂತ ಹೆಚ್ಚು ಮಂದಿ ಹೋಗಬೇಡಿ. ಕರೆದರೆ ಮಾತ್ರ ಒಳಗೆ ಹೋಗಿ. ಈಗಾಗಲೇ ಇಲ್ಲಿ ಯಾರು ಯಾರಿಗೆ ನೆರವಾಗುತ್ತಿದ್ದಾರೆ, ಹಿಂದೆ ಯಾರಾದರೂ ಸಹಾಯಕ್ಕೆ ಬಂದು ಕೆಡಿಸಿಹೋದದ್ದು ಉಂಟೇ, ನಾವು ಏನನ್ನು ಮಾಡಬಾರದು ಎಂದು ಕೇಳಿ. ಕೊನೆಯ ಪ್ರಶ್ನೆಯಿಂದ ಬರುವ ಉತ್ತರವೇ ಸಾಮಾನ್ಯವಾಗಿ ಹೆಚ್ಚು ಬೆಲೆಯುಳ್ಳದ್ದು.

ಯೋಬನು ತನ್ನ ಹಳೆಯ ದಿನಗಳನ್ನು ನೆನೆಯುತ್ತ, ತನಗೆ ಪರಿಚಯವಿಲ್ಲದವನ ವ್ಯಾಜ್ಯವನ್ನೂ ತಾನು ವಿಚಾರಿಸಿ ತಿಳಿಯುತ್ತಿದ್ದೆನೆಂದು 29ನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ವಿಚಾರಿಸಿ ತಿಳಿಯುವುದೆಂದರೆ ಕಾಗದಪತ್ರ ನೋಡುವುದು, ಸಾಲದ ಬಡ್ಡಿಯನ್ನು ಲೆಕ್ಕ ಹಾಕುವುದು, ನ್ಯಾಯಾಲಯದ ದಿನಾಂಕವನ್ನು ಗುರುತು ಹಾಕಿಕೊಳ್ಳುವುದು. ಅನೇಕ ಕುಟುಂಬಗಳಿಗೆ ಒಂದು ಮೂಟೆ ದಾನಕ್ಕಿಂತ ಒಂದು ಅರ್ಜಿಯನ್ನು ಸರಿಯಾಗಿ ಬರೆದುಕೊಡುವ, ಕಚೇರಿಯ ಸಾಲಿನಲ್ಲಿ ಜೊತೆಗೆ ನಿಲ್ಲುವ ಒಬ್ಬ ಮನುಷ್ಯನ ಅಗತ್ಯವೇ ಹೆಚ್ಚಾಗಿರುತ್ತದೆ.

ಕೊಡುವಾಗ

ಹಾಗೆಂದು ಗಾಯ ಸೋರುತ್ತಿರುವವನ ಮುಂದೆ ಕಾರಣಗಳ ವಿಶ್ಲೇಷಣೆಗೆ ಕೂರಬಾರದು. ಸಮಾರ್ಯದವನು ಮೊದಲು ಎಣ್ಣೆ ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದನು, ಸ್ವಂತ ಪಶುವಿನ ಮೇಲೆ ಹತ್ತಿಸಿದನು, ಛತ್ರದವನಿಗೆ ಎರಡು ದಿನಾರಿ ಕೊಟ್ಟನು. ದಿನಾರಿ ಎಂದರೆ ಆ ಕಾಲದ ಒಂದು ದಿನದ ಕೂಲಿ. ಅವನು ಕೊನೆಗೆ ಹೇಳಿದ ಮಾತಿನ ಮೇಲೆ ಪ್ರಸಂಗಗಳು ಕಡಿಮೆ: ಇನ್ನೂ ಹೆಚ್ಚು ವೆಚ್ಚವಾದರೆ ನಾನು ಹಿಂದಿರುಗಿ ಬಂದಾಗ ಕೊಡುತ್ತೇನೆ. ಅಂದರೆ ಅವನ ಸಹಾಯದಲ್ಲಿ ಹಿಂದಿರುಗುವ ದಿನವೂ ಸೇರಿತ್ತು. ನೀವು ಕೊಡುವ ದಿನವೇ ಮತ್ತೆ ಹೋಗುವ ದಿನಾಂಕವನ್ನೂ ಬರೆದಿಡಿ.

ಹಣದ ವಿಷಯದಲ್ಲಿ ಪೌಲನ ಎಚ್ಚರಿಕೆ ಇಂದಿಗೂ ಸಾಕು. ಯೆರೂಸಲೇಮಿನ ಬಡವರಿಗಾಗಿ ಎತ್ತಿದ ದೊಡ್ಡ ಕಾಣಿಕೆಯನ್ನು ಅವನು ಒಬ್ಬನೇ ಒಯ್ಯಲಿಲ್ಲ. ಸಭೆಗಳು ನೇಮಿಸಿದ ಸಹೋದರರನ್ನು ಜೊತೆಗೆ ಕರೆದುಕೊಂಡನು, ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲ, ಮನುಷ್ಯರ ದೃಷ್ಟಿಯಲ್ಲಿಯೂ ಸರಿಯಾದುದನ್ನು ಮಾಡಬೇಕೆಂದು ಕೊರಿಂಥದವರಿಗೆ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಬರೆದನು. ಎರಡು ಸಹಿ, ಬರೆದಿಟ್ಟ ಲೆಕ್ಕ, ಸಂಬಂಧವಿಲ್ಲದ ಮೂರನೆಯವನಿಂದ ತಪಾಸಣೆ. ಇಷ್ಟಕ್ಕೆ ‘ನಮ್ಮ ಮೇಲೆ ನಂಬಿಕೆಯಿಲ್ಲವೇ’ ಎಂದು ಸಿಡುಕುವವರ ಕೈಯಲ್ಲಿ ಹಣ ಇರಬಾರದು. ಹಾಗೆಯೇ ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಮಾತನ್ನು ಲೆಕ್ಕ ಮುಚ್ಚಿಡಲು ಬಳಸಬಾರದು. ಅದು ಪಡೆಯುವವರ ಫೋಟೋ ತೆಗೆದು ಪ್ರದರ್ಶಿಸುವ ಚಟಕ್ಕೆ ಹಾಕಿದ ಬೀಗ.

ಒಂದು ವಿಷಯವನ್ನು ಬಿಡಿಸಿ ಹೇಳಲೇಬೇಕು. ಸಹಾಯವನ್ನು ಆರಾಧನೆಗೆ ಬರುವ ಷರತ್ತಿಗೆ ಕಟ್ಟಬಾರದು, ಪ್ರಾರ್ಥನೆ ಮುಗಿದ ಮೇಲೆ ಹಂಚುತ್ತೇವೆಂದು ಜನರನ್ನು ಕೂರಿಸಿಕೊಳ್ಳಬಾರದು. ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಶುದ್ಧಮಾಡಿದಾಗ ಹಿಂದಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಮಂದಿಯ ಸ್ವಸ್ಥತೆಯನ್ನು ಅವನು ಹಿಂದಕ್ಕೆ ಪಡೆಯಲಿಲ್ಲ. ವಿಶ್ವಾಸದ ಬಗ್ಗೆ ಯಾರಾದರೂ ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಿ, ಆದರೆ ಕೇಳುವ ಸ್ವಾತಂತ್ರ್ಯ ಅವರದಾಗಿರಲಿ.

ದೂರು ಬಂದಾಗ

ಯೆರೂಸಲೇಮಿನ ಮೊದಲ ಸಭೆ ವಿಧವೆಯರಿಗೆ ಪ್ರತಿದಿನ ಉಪಚಾರ ಮಾಡುತ್ತಿತ್ತು. ಅಲ್ಲಿ ಗ್ರೀಕ್ ಭಾಷೆಯನ್ನಾಡುವವರ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗುಣುಗುಟ್ಟು ಹುಟ್ಟಿತು. ಅಪೊಸ್ತಲರು ದೂರಿದವರನ್ನು ಗದರಿಸಲಿಲ್ಲ, ಐಕ್ಯ ಕೆಡಿಸುತ್ತಿದ್ದೀರೆಂದು ಆಪಾದಿಸಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಿರೆಂದು ಇಡೀ ಸಭೆಗೆ ಹೇಳಿದರು. ಆರಿಸಲ್ಪಟ್ಟವರ ಹೆಸರುಗಳನ್ನು ಓದಿ ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ಅಂತಿಯೋಕ್ಯದ ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಹಂಚುವ ಸೌಟನ್ನು ದೂರಿದ ಕಡೆಯವರ ಕೈಗೇ ಕೊಟ್ಟರೆಂದು ಇದರಿಂದ ಊಹಿಸಬಹುದು.

ನನ್ನ ದೃಷ್ಟಿಯಲ್ಲಿ ಸಾಮಾಜಿಕ ನ್ಯಾಯದ ಕುರಿತು ಹೊಸ ಒಡಂಬಡಿಕೆಯಲ್ಲಿರುವ ಅತ್ಯಂತ ಪ್ರಾಯೋಗಿಕವಾದ ಆರು ವಚನಗಳಿವು (ಅಪೊಸ್ತಲರ ಕೃತ್ಯಗಳು 6:1-6). ನಿಮ್ಮ ಸಹಾಯ ಸಮಿತಿಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಅದರಲ್ಲಿ ಸಹಾಯ ಪಡೆಯುವ ಸಮುದಾಯದವರು ಎಷ್ಟು ಮಂದಿ, ಹೆಂಗಸರು ಎಷ್ಟು ಮಂದಿ, ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುವವರು ಎಷ್ಟು ಮಂದಿ ಎಂದು ಎಣಿಸಿ. ಯಾರೂ ಇಲ್ಲದಿದ್ದರೆ ಹೊಸ ನಿಧಿಗಿಂತ ಮೊದಲು ಹೊಸ ಸಮಿತಿ ಬೇಕು.

ಅಧಿಕಾರವುಳ್ಳವರ ಮುಂದೆ ಮಾತಾಡುವುದು

ಕೆಲವು ಕಷ್ಟಗಳು ದಾನದಿಂದ ತೀರುವುದಿಲ್ಲ, ಏಕೆಂದರೆ ಅವುಗಳಿಂದ ಯಾರಿಗೋ ಲಾಭವಿರುತ್ತದೆ. ಅಂಥಲ್ಲಿ ಹೇಗೆ ನಡೆಯಬೇಕೆಂಬುದಕ್ಕೆ ನೆಹೆಮೀಯನ 5ನೆಯ ಅಧ್ಯಾಯ ಒಂದು ಪಠ್ಯದಂತಿದೆ. ಬರಗಾಲದಲ್ಲಿ ಜನರು ಧಾನ್ಯಕ್ಕಾಗಿ ಹೊಲ, ದ್ರಾಕ್ಷೆತೋಟ, ಮನೆಗಳನ್ನು ಅಡವಿಟ್ಟು, ಕೊನೆಗೆ ಮಕ್ಕಳನ್ನೇ ದಾಸತ್ವಕ್ಕೆ ಒಪ್ಪಿಸುತ್ತಿದ್ದರು; ಸಾಲ ಕೊಟ್ಟವರು ಸ್ವಜನರೇ. ಯೆಹೂದದ ಅಧಿಪತಿಯಾಗಿದ್ದ ನೆಹೆಮೀಯನು ಮೊದಲು ಗಂಡಸರ ಮತ್ತು ಹೆಂಗಸರ ಕೂಗನ್ನು ಕೇಳಿದನು. ಸಿಟ್ಟು ಬಂದರೂ ತಕ್ಷಣ ಬಾಯಿ ತೆರೆಯದೆ ಮನಸ್ಸಿನಲ್ಲಿ ಆಲೋಚಿಸಿದನು. ನಂತರ ಶ್ರೀಮಂತರನ್ನೂ ಅಧಿಕಾರಿಗಳನ್ನೂ ಮುಖಾಮುಖಿಯಾಗಿ ಗದರಿಸಿ, ಬಹಿರಂಗ ಸಭೆ ಸೇರಿಸಿದನು. ಅಲ್ಲಿ ತಾನೂ ತನ್ನ ಸಹೋದರರೂ ಹಣ ಧಾನ್ಯಗಳನ್ನು ಸಾಲ ಕೊಟ್ಟವರೇ ಎಂದು ತನ್ನನ್ನೂ ಸೇರಿಸಿಕೊಂಡು ಮಾತಾಡಿದನು. ಹೊಲ, ತೋಟ, ಮನೆಗಳನ್ನೂ ಬಡ್ಡಿಯನ್ನೂ ಈ ಹೊತ್ತೇ ಹಿಂದಕ್ಕೆ ಕೊಡಿರೆಂದು ಏನೇನು ಕೊಡಬೇಕೆಂಬುದನ್ನು ಹೆಸರಿಸಿದನು. ಅವರು ಒಪ್ಪಿದ ಮೇಲೆ ಯಾಜಕರನ್ನು ಕರೆಸಿ ಪ್ರಮಾಣ ಮಾಡಿಸಿದನು. ಬಾಯಿಮಾತಿನ ಒಪ್ಪಿಗೆಗೆ ಅವನು ತೃಪ್ತನಾಗಲಿಲ್ಲ.

ಇದನ್ನು ಇಂದಿನ ಕೆಲಸಕ್ಕೆ ತಂದರೆ, ದೂರನ್ನು ದಿನಾಂಕ ಸಹಿತ ಬರೆದಿಡಬೇಕು, ಕನಿಷ್ಠ ಎರಡು ಮೂಲಗಳಿಂದ ಖಚಿತಪಡಿಸಿಕೊಳ್ಳಬೇಕು, ಕಾನೂನು ಬಲ್ಲವರ ಸಲಹೆ ಪಡೆಯಬೇಕು, ಬೇಡಿಕೆ ನಿರ್ದಿಷ್ಟವಾಗಿರಬೇಕು, ಉತ್ತರ ಬರಹದಲ್ಲಿ ಬರಬೇಕು. ಸುಳ್ಳು ಸುದ್ದಿಯನ್ನು ಹಬ್ಬಿಸಬಾರದೆಂದು ವಿಮೋಚನಕಾಂಡ 23ರ ಮೊದಲ ವಚನವೇ ಹೇಳುತ್ತದೆ. ಒಳ್ಳೆಯ ಉದ್ದೇಶಕ್ಕಾಗಿ ಹೇಳಿದ ಉತ್ಪ್ರೇಕ್ಷೆಯೂ ಇದರಡಿ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ನೊಂದವರ ಒಪ್ಪಿಗೆ. ನಾವು ಭಾಷಣ ಮಾಡಿ ಮನೆಗೆ ಹೋಗುತ್ತೇವೆ. ಪ್ರತೀಕಾರವನ್ನು ಎದುರಿಸುವವರು ಅವರು. ಅವರು ಬೇಡವೆಂದರೆ ನಿಲ್ಲಿಸಬೇಕು.

ಧೈರ್ಯವಿದ್ದ ಮಾತ್ರಕ್ಕೆ ವಿವೇಕವೂ ಇದ್ದೇ ಇರುತ್ತದೆಂದಲ್ಲ. 1511ರಲ್ಲಿ ಕೆರಿಬಿಯನ್ನಿನ ಹಿಸ್ಪಾನಿಯೋಲಾ ದ್ವೀಪದಲ್ಲಿ ಆಂಟೋನಿಯೋ ದೆ ಮೊಂಟೆಸಿನೋಸ್ ಎಂಬ ಡೊಮಿನಿಕನ್ ಸನ್ಯಾಸಿ, ಮೂಲನಿವಾಸಿಗಳನ್ನು ದುಡಿಸಿ ಕೊಲ್ಲುತ್ತಿದ್ದ ಸ್ಪೇನಿನ ವಲಸಿಗರನ್ನು ಅವರೆದುರೇ ಪ್ರಸಂಗಪೀಠದಿಂದ ಖಂಡಿಸಿದನು. ಆಗ ಅದೇ ದ್ವೀಪದಲ್ಲಿ ನೆಲೆಸಿದ್ದು, ತಾನೂ ಮೂಲನಿವಾಸಿಗಳನ್ನು ದುಡಿಸಿಕೊಳ್ಳುತ್ತಿದ್ದ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಪಾದ್ರಿ 1514ರಲ್ಲಿ ಅವರನ್ನು ಬಿಟ್ಟುಕೊಟ್ಟು, ಉಳಿದ ಬದುಕನ್ನೆಲ್ಲ ಅವರ ಪರವಾಗಿ ವಾದಿಸಲು ಮುಡಿಪಿಟ್ಟನು. ಆದರೆ ಅವರ ಹೊರೆ ಇಳಿಸುವ ಆತುರದಲ್ಲಿ, ಬದಲಿಗೆ ಆಫ್ರಿಕಾದ ಗುಲಾಮರನ್ನು ತರಬಹುದೆಂದು ಅವನೇ ಸೂಚಿಸಿದನು. ಮುಂದೆ ಅದಕ್ಕಾಗಿ ಕಟುವಾಗಿ ಪಶ್ಚಾತ್ತಾಪಪಟ್ಟು ಬರೆದನು. ಯಾವ ಪರಿಹಾರವನ್ನು ಸೂಚಿಸುವಾಗಲೂ ಇದರ ಭಾರ ಈಗ ಯಾರ ಹೆಗಲಿಗೆ ಹೋಗುತ್ತದೆ ಎಂದು ಕೇಳಬೇಕಾದದ್ದು ಇದಕ್ಕಾಗಿಯೇ. ಬ್ರಿಟನ್ 1833ರ ಕಾನೂನಿನಿಂದ ತನ್ನ ಬಹುಪಾಲು ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಮಾಡಿದಾಗ, ಇದಕ್ಕಾಗಿ ದಶಕಗಳ ಕಾಲ ಹೋರಾಡಿದವರಲ್ಲಿ ವಿಶ್ವಾಸಿಗಳು ಬಹಳ ಮಂದಿ ಇದ್ದರು. ಆದರೂ ಪರಿಹಾರವೆಂದು ಗೊತ್ತುಮಾಡಿದ 2 ಕೋಟಿ ಪೌಂಡ್ ಹಣ ಸಂದದ್ದು ಗುಲಾಮರ ಒಡೆಯರಿಗೆ, ದುಡಿದವರಿಗೆ ಏನೂ ಇಲ್ಲ. ಕನಿಕರ ಗೆದ್ದಿತು, ಬಾಕಿ ಹಾಗೆಯೇ ಉಳಿಯಿತು.

ಸಭೆಯೇ ತಪ್ಪಿತಸ್ಥನಾದಾಗ

ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ಸಭೆಯ ಸಿನೊಡ್ 1857ರಲ್ಲಿ, ಕೆಲವರ ಬಲಹೀನತೆಯ ನಿಮಿತ್ತ ಬಿಳಿಯರಲ್ಲದವರಿಗೆ ಪ್ರತ್ಯೇಕ ಆರಾಧನೆ ಇರಬಹುದೆಂದು ಒಪ್ಪಿತು. ಮುಂದೆ ಆ ರಿಯಾಯಿತಿಯೇ ಪದ್ಧತಿಯಾಯಿತು, ಪದ್ಧತಿ ವರ್ಣಭೇದ ನೀತಿಗೆ ದೇವಶಾಸ್ತ್ರದ ಆಧಾರವಾಯಿತು. ಹೀಗೆ ಬೇರ್ಪಡಿಸಲ್ಪಟ್ಟ ಬಿಳಿಯರಲ್ಲದವರ ಸಭೆಯೇ 1982ರಲ್ಲಿ ಬೆಲ್ಹಾರ್ ಎಂಬಲ್ಲಿ ವಿಶ್ವಾಸಪ್ರಮಾಣದ ಕರಡನ್ನು ರೂಪಿಸಿ 1986ರಲ್ಲಿ ಅಂಗೀಕರಿಸಿತು. ಐಕ್ಯ, ಸಂಧಾನ, ನ್ಯಾಯ ಈ ಮೂರೂ ಸುವಾರ್ತೆಯ ಒಳಗಿನ ವಿಷಯಗಳೇ ಎಂದು ಸಾರಿತು. ಸಣ್ಣ ರಿಯಾಯಿತಿಗಳ ಬಗ್ಗೆ ಎಚ್ಚರವಾಗಿರಿ. ನಿಮ್ಮ ಸಭೆಯಲ್ಲಿ ಕುಲ, ಬಣ್ಣ, ಭಾಷೆ, ಹಣದ ಆಧಾರದ ಮೇಲೆ ಆಸನವೋ ಸ್ಮಶಾನವೋ ಸಂಬಂಧವೋ ಬೇರೆಯಾಗಿದ್ದರೆ ‘ನಾವೆಲ್ಲರೂ ಪಾಪಿಗಳು’ ಎಂಬ ಸಾಮಾನ್ಯ ಅರಿಕೆ ಸಾಲದು. ಏನು ಮಾಡಿದೆವು, ಯಾರಿಗೆ ಮಾಡಿದೆವು, ಹೇಗೆ ಸರಿಪಡಿಸುತ್ತೇವೆ ಎಂಬುದನ್ನು ನೊಂದವರ ಮುಂದೆ ಹೇಳಬೇಕು, ಮತ್ತು ಅವರು ಕೂಡಲೇ ಕ್ಷಮಿಸಬೇಕೆಂದು ಒತ್ತಾಯಿಸಬಾರದು.

ಎದುರಾಗುವ ಮಾತುಗಳು

ಆತ್ಮಗಳ ರಕ್ಷಣೆ ಸಭೆಯ ಕೆಲಸ, ಸಮಾಜದ ಸುಧಾರಣೆ ಸರ್ಕಾರದ ಕೆಲಸ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. 1974ರ ಲೌಸಾನ್ ಒಡಂಬಡಿಕೆಯಲ್ಲಿ ಸುವಾರ್ತಾವಾದಿ ನಾಯಕರೇ ಈ ಎರಡನ್ನು ಪರಸ್ಪರ ವಿರುದ್ಧವೆಂದು ಕಂಡದ್ದಕ್ಕೆ ಪಶ್ಚಾತ್ತಾಪ ವ್ಯಕ್ತಪಡಿಸಿದ್ದಾರೆ. ನ್ಯಾಯವಾದ ಕೂಲಿ ಮತ್ತು ಕಾರ್ಮಿಕರು ಸಂಘಟಿತರಾಗುವ ಹಕ್ಕಿನ ಬಗ್ಗೆ ಪೋಪ್ 13ನೆಯ ಲಿಯೋ 1891ರಲ್ಲಿಯೇ ವಿಶ್ವಪತ್ರ ಹೊರಡಿಸಿದ್ದಾರೆ. ಚರ್ಚೆಯನ್ನು ಇಷ್ಟಕ್ಕೆ ಬಿಡಬಹುದು.

‘ಬಡವರು ಯಾವಾಗಲೂ ನಿಮ್ಮ ಸಂಗಡ ಇರುತ್ತಾರೆ’ ಎಂಬ ಯೇಸುವಿನ ಮಾತನ್ನು ಕೈಕಟ್ಟಿ ಕೂರಲು ಬಳಸುವವರಿಗೆ ಮಾತ್ರ ಉತ್ತರ ಕೊಡಬೇಕು. ಅದು ಧರ್ಮೋಪದೇಶಕಾಂಡ 15:11ರ ಪ್ರತಿಧ್ವನಿ. ಆ ವಚನದ ಉಳಿದರ್ಧವೇ, ಆದಕಾರಣ ನಿನ್ನ ದೇಶದ ದರಿದ್ರರಿಗೆ ಕೈತೆರೆದು ಕೊಡಬೇಕು ಎಂಬ ಆಜ್ಞೆ. ಅದೇ ಅಧ್ಯಾಯದ 4ನೆಯ ವಚನ ನಿಮ್ಮಲ್ಲಿ ಬಡವರೇ ಇರಬಾರದೆನ್ನುತ್ತದೆ, ಮತ್ತು ಅಧ್ಯಾಯದ ಆರಂಭದಲ್ಲಿರುವುದು ಏಳು ವರ್ಷಕ್ಕೊಮ್ಮೆ ಸಾಲ ಬಿಟ್ಟುಬಿಡುವ ನಿಯಮ.

ಮೊದಲ ವರ್ಷ

ಮೊದಲ ವರ್ಷ ಒಂದೇ ವಿಷಯವನ್ನು ಹಿಡಿಯಿರಿ. ಸಭೆಯಲ್ಲಿ ಹತ್ತು ಮಂದಿ ಆಸಕ್ತರಿದ್ದರೆ ಹತ್ತು ಯೋಜನೆಗಳು ಹುಟ್ಟುವ ಅಪಾಯವಿದೆ. ಸಬ್ಬತ್ತಿನ ವಿಶ್ರಾಂತಿ ದಾಸದಾಸಿಯರಿಗೂ ಸಲ್ಲಬೇಕೆಂದು ಧರ್ಮೋಪದೇಶಕಾಂಡ ಹೇಳುವಾಗ ಕೆಲಸ ಮಾಡುವ ನಿಮ್ಮನ್ನೂ ಸೇರಿಸಿಯೇ ಹೇಳಿದೆ. ವಾರದಲ್ಲಿ ಒಂದು ದಿನ ಈ ಕೆಲಸದಿಂದ ಬಿಡುವು ಪಡೆಯಿರಿ. ದಣಿದಾಗ, ಸೋತಾಗ ‘ಎಷ್ಟರವರೆಗೆ, ಕರ್ತನೇ’ ಎಂದು ಕೇಳುವ ಪ್ರಲಾಪದ ಕೀರ್ತನೆಗಳನ್ನು ಆರಾಧನೆಯಲ್ಲಿ ಓದಿ, ಏಕೆಂದರೆ ಸ್ತೋತ್ರಗೀತೆಗಳು ಮಾತ್ರ ಇರುವ ಆರಾಧನೆಯಲ್ಲಿ ನೊಂದವರಿಗೆ ಬಾಯಿ ಇರುವುದಿಲ್ಲ.

ವರ್ಷದ ಕೊನೆಗೆ ಸಹಾಯ ಪಡೆದವರನ್ನು ಕರೆದು, ಹಿರಿಯರು ಸುಮ್ಮನೆ ಕುಳಿತಿರಲು, ಅವರೇ ಮಾತಾಡುವಂತೆ ಒಂದು ಸಂಜೆಯನ್ನು ಮೀಸಲಿಡಿ. ನೀವು ಆರಂಭದಲ್ಲಿ ಬರೆದ ಕೂಲಿಯ ಹಾಳೆಯನ್ನೂ ಆ ದಿನ ಹೊರತೆಗೆಯಿರಿ, ಏನು ಬದಲಾಗಿದೆ ನೋಡಿ. ಸಹಾಯದ ಪಟ್ಟಿಯಲ್ಲಿ ಕಳೆದ ವರ್ಷದ ಅದೇ ಹೆಸರುಗಳು ಈ ವರ್ಷವೂ ಇದ್ದರೆ ಪ್ರತಿ ಹೆಸರಿನ ಮುಂದೆ ‘ಯಾಕೆ?’ ಎಂದು ಬರೆದು, ಮುಂದಿನ ವರ್ಷದ ಕೆಲಸವನ್ನು ಆ ಉತ್ತರಗಳಿಂದ ಆರಂಭಿಸಿ.